ಪಕ್ಕದ ಮನೆ ವೈಫೈ ಕಾಣುತ್ತೆ, ನಮ್ಮದೇ ಕಾಣಲ್ಲ: ಹಳೇ ಲ್ಯಾಪ್‌ಟಾಪ್‌ಗೆ ಏನಾಗಿದೆ?

ಪ್ರಶ್ನೆ: ನಮ್ಮಲ್ಲಿ 2011ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ, ವಿಂಡೋಸ್ 7. ಅಪ್ಪ ನುಡಿಯಲ್ಲಿ ಟೈಪ್ ಮಾಡಿಟ್ಟ ಬರಹವೆಲ್ಲ ಅದರಲ್ಲೇ ಇದೆ, ಅವರಿಗೆ ಬೇರೆ ಕಂಪ್ಯೂಟರ್ ಒಗ್ಗುವುದಿಲ್ಲ. ಈಚೆಗೆ ಮನೆಗೆ ಫೈಬರ್ ಹಾಕಿಸಿದೆವು. ಫೋನ್, ಟೀವಿ ಎಲ್ಲಕ್ಕೂ ವೈಫೈ ಬರುತ್ತದೆ, ಈ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಮ್ಮ ವೈಫೈ ಹೆಸರೇ ಕಾಣುವುದಿಲ್ಲ. ಪಕ್ಕದ ಮನೆಯವರದ್ದು ಕಾಣುತ್ತದೆ! ಕನೆಕ್ಷನ್ ಕೊಡಲು ಬಂದ ಹುಡುಗ 'ಇದು ಹಳೇದಾಯ್ತು ಸಾರ್, ಹೊಸದು ತಗೊಂಡ್ಬಿಡಿ' ಅಂದ. ನಿಜವಾಗ್ಲೂ ಹೊಸದೇ ಬೇಕಾ?

ಉತ್ತರ: ಬೇಡ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಪಕ್ಕದ ಮನೆಯ ವೈಫೈ ಕಾಣುತ್ತಿದೆ ಅಂದರೆ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಕೆಲಸ ಮಾಡುತ್ತಿದೆ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಓಡುತ್ತಿದೆ, ಪಕ್ಕದಲ್ಲಿರುವ ಸಣ್ಣ ವೈಫೈ ಸ್ವಿಚ್ ಕೂಡ ಆನ್ ಆಗಿಯೇ ಇದೆ. ಹಾಗಾಗಿ ಮೊದಲು ನೋಡಬೇಕಾದ್ದು ಲ್ಯಾಪ್‌ಟಾಪನ್ನಲ್ಲ, ಹೊಸದಾಗಿ ಬಂದ ಫೈಬರ್ ಡಬ್ಬಿಯ (ವೈಫೈ ರೂಟರ್) ಸೆಟ್ಟಿಂಗನ್ನು. ಹಳೇ ಕಂಪ್ಯೂಟರಿಗೆ ನೆಟ್ ಬರುವುದಿಲ್ಲ ಅಂತ ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಮೂವತ್ತು ನಲವತ್ತು ಸಾವಿರ ಯಾಕೆ ಸುರಿಯಬೇಕು ಹೇಳಿ?

ಈಗಿನ ಫೈಬರ್ ಡಬ್ಬಿಗಳಲ್ಲಿ ಹೆಚ್ಚಿನವು ಎರಡು ಬ್ಯಾಂಡ್‌ನಲ್ಲಿ ವೈಫೈ ಕೊಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. 2010ರ ಆಸುಪಾಸಿನ ಸಾಧಾರಣ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹಾಕುತ್ತಿದ್ದ ಕಾರ್ಡ್‌ಗೆ 2.4 ಮಾತ್ರ ಗೊತ್ತು. ಮೀಡಿಯಂ ವೇವ್ ಮಾತ್ರ ಇರುವ ರೇಡಿಯೋದಲ್ಲಿ ಎಫ್‌ಎಂ ಹುಡುಕಿದ ಹಾಗೆ, ಎಷ್ಟು ಸಲ ರಿಫ್ರೆಶ್ ಮಾಡಿದರೂ 5ರಲ್ಲಿರುವ ಹೆಸರು ಅದಕ್ಕೆ ಸಿಗುವುದೇ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದಾಗ ದೊಡ್ಡ ಅಂಕಿ ಬರಲಿ ಅಂತ ಕೆಲವರು ಡಬ್ಬಿ ಕೂರಿಸುವಾಗಲೇ 2.4 ಅನ್ನು ಆಫ್ ಮಾಡಿ ಹೋಗಿರುತ್ತಾರೆ. ಫೋನ್ ಮತ್ತು ಹೊಸ ಟೀವಿಗೆ ಎರಡೂ ಬರುತ್ತದೆ, ಅದಕ್ಕೇ ನಿಮಗೆ ವ್ಯತ್ಯಾಸ ಗೊತ್ತಾಗಿಲ್ಲ. ಪಕ್ಕದ ಮನೆಯವರ ಡಬ್ಬಿಯಲ್ಲಿ 2.4 ಚಾಲೂ ಇದೆ, ಅಷ್ಟೇ.

ಇದು ಊಹೆಯಾಗಿಯೇ ಉಳಿಯಬೇಕಿಲ್ಲ, ನೀವೇ ನೋಡಿಕೊಳ್ಳಬಹುದು. ಸ್ಟಾರ್ಟ್ ಬಟನ್ ಒತ್ತಿ, 'ಕಂಪ್ಯೂಟರ್' ಮೇಲೆ ರೈಟ್ ಕ್ಲಿಕ್ ಮಾಡಿ, 'ಮ್ಯಾನೇಜ್' ಆರಿಸಿ, ಅಲ್ಲಿ ಡಿವೈಸ್ ಮ್ಯಾನೇಜರ್ ತೆಗೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಅನ್ನುವ ಸಾಲನ್ನು ಬಿಡಿಸಿದರೆ ಕಾರ್ಡ್‌ನ ಹೆಸರು ಕಾಣುತ್ತದೆ. ಅಥೆರಾಸ್ ಎಆರ್ 9285 ಅಂತಲೋ, ಇಂಟೆಲ್ ಸೆಂಟ್ರಿನೋ ವೈರ್‌ಲೆಸ್-ಎನ್ 1030 ಅಂತಲೋ ಇದ್ದರೆ ಅನುಮಾನವೇ ಬೇಡ, ಅದು ಬರೀ 2.4ರದ್ದು. ಹೆಸರಿನಲ್ಲಿ 'ಡ್ಯುಯಲ್ ಬ್ಯಾಂಡ್' ಅಂತಲೋ 'ಎಸಿ' ಅಂತಲೋ ಇದ್ದರೆ 5 ಕೂಡ ಬರುತ್ತದೆ, ಆಗ ತೊಂದರೆ ಬೇರೆ ಕಡೆ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಈಗ ಡಬ್ಬಿ. ಅದರ ಕೆಳಗೋ ಹಿಂದೋ ಒಂದು ಸ್ಟಿಕರ್ ಇರುತ್ತದೆ. ವೈಫೈ ಹೆಸರು, ಪಾಸ್‌ವರ್ಡ್, ಜೊತೆಗೆ ಸೆಟ್ಟಿಂಗ್ ಪುಟದ ವಿಳಾಸ ಮತ್ತು ಲಾಗಿನ್ ಅದರಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರ್ ಆದರೆ 192.168.29.1. ಫೋನನ್ನು ಮನೆ ವೈಫೈಗೇ ಕನೆಕ್ಟ್ ಮಾಡಿಕೊಂಡು, ಬ್ರೌಸರಿನಲ್ಲಿ ಈ ವಿಳಾಸ ಹಾಕಿದರೆ ಪುಟ ತೆರೆಯುತ್ತದೆ. ಅಲ್ಲಿ ವೈರ್‌ಲೆಸ್ ಅಥವಾ ಡಬ್ಲ್ಯೂಲ್ಯಾನ್ ಅನ್ನುವ ವಿಭಾಗಕ್ಕೆ ಹೋಗಿ, 2.4 ಆಫ್ ಆಗಿದ್ದರೆ ಆನ್ ಮಾಡಿ. ಇನ್ನೊಂದು ಕೆಲಸ, ಇದನ್ನು ಮರೀಬೇಡಿ: 'ಸ್ಮಾರ್ಟ್ ಕನೆಕ್ಟ್' ಅಥವಾ 'ಬ್ಯಾಂಡ್ ಸ್ಟೀರಿಂಗ್' ಅಂತ ಇದ್ದರೆ ಅದನ್ನು ಆಫ್ ಮಾಡಿ, 2.4ಕ್ಕೆ ಬೇರೆಯದೇ ಹೆಸರು ಕೊಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಎಲ್ಲಿ ಎಡವಟ್ಟಾಗಿದೆ ಅಂತ ಹುಡುಕುವುದೇ ಕಷ್ಟ. ಹೆಸರು ಚಿಕ್ಕದಾಗಿರಲಿ, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ಸಾಕು, ಎಮೋಜಿ ಗಿಮೋಜಿ ಬೇಡ.

ಅದೇ ಪುಟದಲ್ಲಿ 'ಮೋಡ್' ಅಂತ ಒಂದು ಇರುತ್ತದೆ. ಅಲ್ಲಿ 'ಎಎಕ್ಸ್' ಅಂತ ಇದ್ದರೆ 2.4ಕ್ಕೆ ಮಾತ್ರ 'ಬಿ/ಜಿ/ಎನ್' ಮಾಡಿ. ಎಎಕ್ಸ್ ಅಂದರೆ ವೈಫೈ 6, ಹೊಸ ತಲೆಮಾರಿನದು; ಬಿ, ಜಿ, ಎನ್ ಹಳೇ ತಲೆಮಾರಿನವು. ಡಬ್ಬಿ ತನ್ನ ಹೆಸರನ್ನು ಸುತ್ತಲೂ ಸಾರುವಾಗ ಅದರ ಜೊತೆ ವೈಫೈ 6ರ ಒಂದಿಷ್ಟು ಹೊಸ ಮಾಹಿತಿಯನ್ನೂ ಕಳಿಸುತ್ತದೆ. ಕೆಲವು ಹಳೇ ಡ್ರೈವರ್‌ಗಳಿಗೆ ಅದು ಅರ್ಥವಾಗದೆ ಆ ಹೆಸರನ್ನೇ ಪಟ್ಟಿಯಿಂದ ಬಿಟ್ಟುಬಿಡುತ್ತವೆ. ಇಂಟೆಲ್‌ನ 7260, 7265, 3165ರಂಥ ಡ್ಯುಯಲ್ ಬ್ಯಾಂಡ್ ಕಾರ್ಡ್‌ಗಳಿಗೂ ಈ ತೊಂದರೆ ಇತ್ತು. ಕಂಪನಿಯೇ ಒಪ್ಪಿಕೊಂಡು ಹೊಸ ಡ್ರೈವರ್ ಹಾಕಿಕೊಳ್ಳಿ ಅಂತ ಹೇಳಿದೆ. 'ನಂದು ಡ್ಯುಯಲ್ ಬ್ಯಾಂಡ್, ಆದ್ರೂ ಕಾಣಲ್ಲ' ಅನ್ನುವವರು ಮೊದಲು ಇದನ್ನೇ ನೋಡಬೇಕು.

ಚಾನೆಲ್ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಅಮೆರಿಕದಿಂದ ಮಗನೋ ಮಗಳೋ ತಂದುಕೊಟ್ಟ ಲ್ಯಾಪ್‌ಟಾಪ್ ಬಳಸುವ ಮನೆಗಳು ಜಾಸ್ತಿ. 2.4ರಲ್ಲಿ ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್ ಬಳಸುತ್ತೇವೆ. ಅಮೆರಿಕದ ಮಾರುಕಟ್ಟೆಗೆ ಅಂತ ತಯಾರಾದ ಬಹಳಷ್ಟು ಕಾರ್ಡ್‌ಗಳು 11ಕ್ಕೇ ನಿಲ್ಲುತ್ತವೆ. ಡಬ್ಬಿಯಲ್ಲಿ ಚಾನೆಲ್ 'ಆಟೋ' ಅಂತ ಇದ್ದು ಅದು ತಾನಾಗಿ 12ಕ್ಕೋ 13ಕ್ಕೋ ಹೋಯಿತು ಅಂದರೆ ಆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಹೆಸರು ಮಾಯ. ಮಾರನೇ ದಿನ ಡಬ್ಬಿ ಆಫ್ ಮಾಡಿ ಆನ್ ಮಾಡಿದಾಗ 6ಕ್ಕೆ ಬಂದರೆ ಮತ್ತೆ ಪ್ರತ್ಯಕ್ಷ. ದೆವ್ವ ಬಡಿದ ಹಾಗೆ ಒಂದು ದಿನ ಬರುವುದು, ಒಂದು ದಿನ ಹೋಗುವುದು ಇದ್ದರೆ ಇದೇ ಕಾರಣ ಇರಬಹುದು. ಆಟೋ ತೆಗೆದು 1, 6, 11ರಲ್ಲಿ ಒಂದನ್ನು ಕೂರಿಸಿಬಿಡಿ. ಈ ಮೂರೇ ಯಾಕೆ ಅಂದರೆ, ಇವು ಒಂದರ ಮೇಲೊಂದು ಬೀಳುವುದಿಲ್ಲ.

ಹೆಸರು ಕಂಡಿತು, ಪಾಸ್‌ವರ್ಡ್ ಹಾಕಿದಿರಿ, ಸರಿಯಾಗಿ ಹಾಕಿದರೂ ಒಪ್ಪುತ್ತಿಲ್ಲ ಅಂತಾದರೆ ಸೆಕ್ಯುರಿಟಿ ಸೆಟ್ಟಿಂಗ್ ನೋಡಿ. ಡಬ್ಲ್ಯೂಪಿಎ3 ಅನ್ನುವ ಹೊಸ ಸೆಕ್ಯುರಿಟಿ ಪದ್ಧತಿ ಬಂದದ್ದು 2018ರಲ್ಲಿ, 2011ರ ಯಂತ್ರಕ್ಕೆ ಅದು ಗೊತ್ತಿರುವ ಮಾತೇ ಇಲ್ಲ. 2.4ಕ್ಕೆ 'ಡಬ್ಲ್ಯೂಪಿಎ2-ಪಿಎಸ್‌ಕೆ' ಮತ್ತು 'ಎಇಎಸ್' ಆರಿಸಿ. 'ಟಿಕೆಐಪಿ' ಆರಿಸಬೇಡಿ, ಅದನ್ನು ಹಾಕಿದರೆ ವೇಗ 54 ಎಂಬಿಪಿಎಸ್‌ಗಿಂತ ಮೇಲೆ ಹೋಗುವುದಿಲ್ಲ. 'ಪಿಎಂಎಫ್' ಅಂತ ಒಂದು ಆಯ್ಕೆ 'ರಿಕ್ವೈರ್ಡ್' ಅಂತ ಇದ್ದರೆ 'ಆಪ್ಷನಲ್' ಮಾಡಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಹಳೇದು ಹೇಗಾದರೂ ಕನೆಕ್ಟ್ ಆಗಲಿ ಅಂತ ಸೆಕ್ಯುರಿಟಿಯನ್ನು 'ಡಬ್ಲ್ಯೂಇಪಿ'ಗೆ ಇಳಿಸಬೇಡಿ, ಪಾಸ್‌ವರ್ಡ್ ಇಲ್ಲದೆ ಓಪನ್ ಇಡಲೂಬೇಡಿ. ಡಬ್ಲ್ಯೂಇಪಿಯ ಬೀಗ 2001ರಲ್ಲೇ ಮುರಿದಿದೆ. ಅದೊಂದು ಲ್ಯಾಪ್‌ಟಾಪ್‌ಗೋಸ್ಕರ ಮನೆಯವರ ಫೋನೆಲ್ಲ ಬೀದಿಗೆ ಬರುವುದು ಬೇಡ. ವಿಂಡೋಸ್ ಎಕ್ಸ್‌ಪಿ ಇರುವವರು ಅದರಲ್ಲಿ ಸರ್ವಿಸ್ ಪ್ಯಾಕ್ 3 ಇದೆಯಾ ನೋಡಿಕೊಳ್ಳಿ, ಅದಿದ್ದರೆ ಡಬ್ಲ್ಯೂಪಿಎ2 ಬರುತ್ತದೆ.

ಇನ್ನು ಮೂರನೇ ಗೋಳು. ವೈಫೈ ಕನೆಕ್ಟ್ ಆಗಿದೆ, ಐದೂ ಗೆರೆ ತುಂಬಿದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ 'ಸುರಕ್ಷಿತವಲ್ಲ' ಅಂತ ಕೆಂಪು ಎಚ್ಚರಿಕೆ. ಆಗ ವೈಫೈಯನ್ನು ಬೈಯಬೇಡಿ, ಪರದೆಯ ಬಲ ಮೂಲೆಯಲ್ಲಿ ತಾರೀಖು ನೋಡಿ. 2009ರ ಜನವರಿ 1 ಅಂತಲೋ ಇನ್ಯಾವುದೋ ಹಳೇ ದಿನವೋ ಇರುತ್ತದೆ. ಪ್ರತಿ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ತಾನಿನ್ನೂ 2009ರಲ್ಲೇ ಇದ್ದೇನೆ ಅಂದುಕೊಂಡಿದ್ದರೆ ಎಲ್ಲ ಸರ್ಟಿಫಿಕೇಟೂ ಅದಕ್ಕೆ ಸುಳ್ಳಾಗಿ ಕಾಣುತ್ತದೆ. ತಾರೀಖು ಸರಿ ಮಾಡಿದ ತಕ್ಷಣ ಎಲ್ಲವೂ ತೆರೆಯುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತಿದೆ ಅಂತ ಅರ್ಥ. ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಸಿಆರ್ 2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ, ಹಳೇದರ ಅಂಚಿನಲ್ಲಿರುವ ಸಣ್ಣ ಕ್ಲಿಪ್ಪನ್ನು ಉಗುರಿನಿಂದ ತಳ್ಳಿದರೆ ಸೆಲ್ ಎದ್ದು ಬರುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿ. ಲ್ಯಾಪ್‌ಟಾಪ್ ಆದರೆ ಅಂಗಡಿಯವರಿಗೇ ಕೊಡಿ, ಸುಮ್ನೆ ಬಿಚ್ಚಲು ಹೋಗಬೇಡಿ.

ಇಷ್ಟು ಮಾಡಲು ಹೊಸ ಡ್ರೈವರ್ ಬೇಕು, ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ಟೇ ಇಲ್ಲವಲ್ಲ ಅಂತೀರಾ? ಅದಕ್ಕೆ ಫೋನ್ ಇದೆ. ಆಂಡ್ರಾಯ್ಡ್ ಫೋನನ್ನು ಮನೆ ವೈಫೈಗೆ ಕನೆಕ್ಟ್ ಮಾಡಿ, ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಫೋನ್ ತನ್ನ ವೈಫೈಯನ್ನೇ ಕೇಬಲ್ ಮೂಲಕ ಕಂಪ್ಯೂಟರಿಗೆ ದಾಟಿಸುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿಡಿ, ಇಲ್ಲದಿದ್ದರೆ ವೈಫೈ ತಪ್ಪಿದ ಗಳಿಗೆಯಲ್ಲಿ ನಿಮ್ಮ ಪ್ಯಾಕ್ ಖಾಲಿಯಾಗುತ್ತದೆ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು, ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್‌ನಲ್ಲಿ ಇದು ನಡೆಯುವುದಿಲ್ಲ. ಐಫೋನ್ ಮಾತ್ರ ಹೀಗೆ ವೈಫೈ ದಾಟಿಸುವುದಿಲ್ಲ, ಮೊಬೈಲ್ ಡೇಟಾವನ್ನಷ್ಟೇ ಕೊಡುತ್ತದೆ.

ವೈಫೈ ಕಾರ್ಡೇ ಇಲ್ಲದ ಹಳೇ ಡೆಸ್ಕ್‌ಟಾಪ್ ಇರುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಡಬ್ಬಿ ಅದೇ ಕೋಣೆಯಲ್ಲಿದ್ದರೆ ವೈಫೈ ಯೋಚನೆಯನ್ನೇ ಬಿಡಿ, ಒಂದು ಲ್ಯಾನ್ ಕೇಬಲ್ ಹಾಕಿ. ಸೆಟ್ಟಿಂಗ್ ಇಲ್ಲ, ಪಾಸ್‌ವರ್ಡ್ ಇಲ್ಲ, ಹಳೇ 100 ಎಂಬಿಪಿಎಸ್ ಪೋರ್ಟ್ ಆದರೂ ಹಳೇ ವೈಫೈಗಿಂತ ಸಲೀಸು. ಕೇಬಲ್ ನೂರು ಮೀಟರ್ ದೂರದವರೆಗೂ ನಡೆಯುತ್ತದೆ. ಕರಾವಳಿಯ ಮುರಕಲ್ಲಿನ ಮನೆ, ದಪ್ಪ ಗೋಡೆಯ ಹಳೇ ಮನೆ ಇರುವವರಿಗಂತೂ ಕೇಬಲ್ಲೇ ವಾಸಿ, ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೊರಗಿಹೋಗಿರುತ್ತದೆ. ಕೇಬಲ್ ಎಳೆಯಲು ಆಗದಿದ್ದರೆ ಯುಎಸ್‌ಬಿ ವೈಫೈ ಡಾಂಗಲ್ ಇದೆ, ಐನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಕೊಳ್ಳುವ ಮುಂಚೆ ಪೆಟ್ಟಿಗೆಯ ಮೇಲೆ ನಿಮ್ಮ ವಿಂಡೋಸ್‌ನ ಹೆಸರು ಇದೆಯಾ ಓದಿ. ಬೆರಳ ತುದಿಯಷ್ಟು ಚಿಕ್ಕದಿದ್ದರೆ ಚೆನ್ನ ಅನ್ನಿಸುತ್ತದೆ ನಿಜ, ಆದರೆ ಕ್ಯಾಬಿನೆಟ್ಟಿನ ಹಿಂಬದಿಗೆ ಚುಚ್ಚಿದರೆ ಅಷ್ಟು ದೊಡ್ಡ ತಗಡು ಅಡ್ಡ ಬರುತ್ತದೆ. ಒಂದು ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ಇಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ವೇಗದ ಬಗ್ಗೆ ಚಿಂತೆ ಬೇಡ. ಹಳೇ ಎನ್ ಕಾರ್ಡ್‌ನಲ್ಲಿ 30-40 ಎಂಬಿಪಿಎಸ್ ಬಂದರೂ ಯೂಟ್ಯೂಬ್ ಎಚ್‌ಡಿ ವಿಡಿಯೋಗೆ 5 ಸಾಕು. ನಿಧಾನ ಅನ್ನಿಸಿದರೆ ಅದು ಹೆಚ್ಚಾಗಿ ರ‍್ಯಾಮ್ ಕಡಿಮೆ ಇರುವುದರಿಂದ, ನೆಟ್‌ನಿಂದಲ್ಲ.

ಚಿಂತೆ ಇಡಬೇಕಾದ್ದು ಬೇರೆ ಕಡೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ಕ್ರೋಮ್ ಕೂಡ 109ನೇ ಆವೃತ್ತಿಗೇ ನಿಂತಿದೆ. ಅದರಲ್ಲಿ ಓಡುವ ಬ್ರೌಸರ್ ಬೇಕು ಅಂದರೆ ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ. ನೆಟ್ ಕನೆಕ್ಟ್ ಮಾಡುವ ಮುಂಚೆಯೇ ಅಪ್ಪನ ಬರಹವನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಡಿ, ಜೊತೆಗೆ ನುಡಿಯ ಫಾಂಟ್‌ಗಳನ್ನೂ ಕಾಪಿ ಮಾಡಿ. ಹಳೇ ನುಡಿ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಆಗ ಗಾಬರಿಯಾಗುತ್ತದೆ. ಬ್ಯಾಂಕ್ ಕೆಲಸವನ್ನು ಈ ಲ್ಯಾಪ್‌ಟಾಪ್‌ನಲ್ಲಿ ಮಾಡಲೇಬೇಡಿ, ಫೋನಿನಲ್ಲೇ ಇರಲಿ.

ಡಬ್ಬಿಯ ಸೆಟ್ಟಿಂಗ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದ್ದರೆ ಅದನ್ನು 2.4ರಲ್ಲಿ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸುವುದು ಒಳ್ಳೆಯದು, ಪಾಸ್‌ವರ್ಡ್ ಮತ್ತು ಡಬ್ಲ್ಯೂಪಿಎ2 ಅಲ್ಲೂ ಇರಲಿ. ಆಗ ಲ್ಯಾಪ್‌ಟಾಪ್‌ಗೆ ವೈರಸ್ ಬಂದರೂ ಮನೆಯ ಉಳಿದ ಫೋನು, ಕಂಪ್ಯೂಟರುಗಳ ಕಡೆಗೆ ಅದು ಸುಲಭವಾಗಿ ಬರಲಾರದು. ಆದರೆ ವೈಫೈ ಪ್ರಿಂಟರ್ ಇದ್ದರೆ ಗೆಸ್ಟ್‌ನಿಂದ ಅದಕ್ಕೆ ಪ್ರಿಂಟ್ ಹೋಗುವುದಿಲ್ಲ, ಅಪ್ಪನಿಗೆ ಪ್ರಿಂಟ್ ಬೇಕಾದಾಗ ಯುಎಸ್‌ಬಿ ಕೇಬಲ್ ಚುಚ್ಚಿಕೊಡಿ.