ಯಾವ ಆರ್‌ಪಿಎಂಗೆ ಕಟ್ಟುತ್ತೀರಿ?

ಹಳೆಯ ಟೂ-ಸ್ಟ್ರೋಕ್ ಬೈಕ್ ತಂದವರು ಮೊದಲು ಕೇಳುವುದು ಒಂದೇ ಮಾತು: "ಇದರಿಂದ ಎಷ್ಟು ಎಚ್‌ಪಿ ತೆಗೆಯಬಹುದು?" ನಾನು ತಿರುಗಿ ಕೇಳುತ್ತೇನೆ: "ಯಾವ ಆರ್‌ಪಿಎಂನಲ್ಲಿ ಬೇಕು?" ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ಇದಕ್ಕೆ ಉತ್ತರ ಸಿಗುವ ತನಕ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ. ಪೋರ್ಟು (ಸಿಲಿಂಡರ್ ಗೋಡೆಯ ಕಿಂಡಿ), ಎಕ್ಸಾಸ್ಟ್ ಪೈಪು, ಕಾರ್ಬುರೇಟರ್, ಇಗ್ನಿಷನ್, ಗೇರು ಎಲ್ಲವೂ ಆ ಒಂದು ಸಂಖ್ಯೆಗೆ ಹೊಂದಬೇಕು. ಪೈಪ್ 10000ಕ್ಕೆ ಮಾಡಿದ್ದು, ಪೋರ್ಟ್ 7500ಕ್ಕೆ ಇರುವುದು ಅಂತಾದರೆ, ಎರಡೂ ಒಳ್ಳೆಯ ಭಾಗಗಳೇ ಆದರೂ ಗಾಡಿ ಓಡುವುದಿಲ್ಲ. ದುಬಾರಿ ಭಾಗಗಳನ್ನೆಲ್ಲ ಹಾಕಿ, ಕಂಪನಿಯಿಂದ ಬಂದಿದ್ದಕ್ಕಿಂತ ನಿಧಾನವಾದ ಇಂಜಿನ್‌ಗಳನ್ನು ಬಹಳ ಸಲ ನೋಡಿದ್ದೇನೆ.

ಆದರೆ ಇಂಜಿನ್‌ಗೂ ಮೊದಲು ತೂಕ. ಯಮಹಾ ಆರ್‌ಡಿ 350 ತೆಗೆದುಕೊಳ್ಳಿ. 1973ರಲ್ಲಿ ಬಂದಾಗ 347 ಸಿಸಿಗೆ 39 ಎಚ್‌ಪಿ, ಅದೂ 7500 ಆರ್‌ಪಿಎಂನಲ್ಲಿ. ಗಾಡಿ ಸುಮಾರು 150 ಕೆಜಿ, ಓಡಿಸುವವರು 75 ಕೆಜಿ ಅಂದುಕೊಳ್ಳೋಣ. ಒಂದೊಂದು ಎಚ್‌ಪಿ 5.8 ಕೆಜಿ ಎಳೆಯಬೇಕು. ಗಾಡಿಯಿಂದ 20 ಕೆಜಿ ಇಳಿಸಿದರೆ ಅದು 5.3ಕ್ಕೆ ಬರುತ್ತದೆ. ತೂಕ ಇಳಿಸದೆ ಇದೇ ಲೆಕ್ಕ ಸಿಗಬೇಕಾದರೆ ಇಂಜಿನ್ 43 ಎಚ್‌ಪಿ ಕೊಡಬೇಕು. ಇಂಜಿನ್‌ನಿಂದ ತೆಗೆದ ಎಚ್‌ಪಿ ಪವರ್‌ಬ್ಯಾಂಡ್‌ನೊಳಗೆ, ಅಂದರೆ ಇಂಜಿನ್ ಜೋರಾಗಿ ಎಳೆಯುವ ಆರ್‌ಪಿಎಂಗಳ ನಡುವೆ ಮಾತ್ರ ಸಿಗುತ್ತದೆ. ಇಳಿಸಿದ ತೂಕದ ಲಾಭ ಹಾಗಲ್ಲ, ಬ್ರೇಕ್ ಹಿಡಿದಾಗಲೂ ಇದೆ, ತಿರುವಿನಲ್ಲೂ ಇದೆ, ಎಲ್ಲ ಆರ್‌ಪಿಎಂನಲ್ಲೂ ಇದೆ.

20 ಕೆಜಿ ಎಲ್ಲಿಂದ ಬರುತ್ತದೆ? ಕ್ರೋಮ್ ಹಚ್ಚಿದ ಎರಡು ದಪ್ಪ ಸೈಲೆನ್ಸರ್‌ಗಳ ಜಾಗಕ್ಕೆ 1 ಮಿಮೀ ಶೀಟಿನ ಎಕ್ಸ್‌ಪ್ಯಾನ್ಷನ್ ಚೇಂಬರ್ (ನಡುವೆ ಉಬ್ಬಿದ ಎಕ್ಸಾಸ್ಟ್ ಪೈಪು) ಬಂದರೆ ಒಳ್ಳೆಯ ಪಾಲು ಅಲ್ಲೇ ಹೋಗುತ್ತದೆ. ಸೆಂಟರ್ ಸ್ಟ್ಯಾಂಡ್, ಕಬ್ಬಿಣದ ಮಡ್‌ಗಾರ್ಡ್, ಉದ್ದ ಸೀಟಿನ ತಗಡು, ಹಿಂದೆ ಕೂರುವವರ ಫುಟ್‌ರೆಸ್ಟ್, ದೊಡ್ಡ ಬ್ಯಾಟರಿ ಉಳಿದದ್ದನ್ನು ಕೊಡುತ್ತವೆ. ಚಕ್ರದ ತೂಕಕ್ಕೆ ಬೆಲೆ ಜಾಸ್ತಿ, ಯಾಕಂದರೆ ಅದನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ಸ್ಟೀಲ್ ರಿಮ್ ತೆಗೆದು ಅಲ್ಯೂಮಿನಿಯಂ ರಿಮ್ ಹಾಕಿ ನೋಡಿ, ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಟೈಟಾನಿಯಂ ಬೋಲ್ಟ್ ಕೊನೆಯ ಮಾತು. ಆಕ್ಸೆಲ್, ಬ್ರೇಕ್ ಹಿಡಿದಿರುವ ಬೋಲ್ಟ್, ಹ್ಯಾಂಡಲ್ ಕ್ಲ್ಯಾಂಪ್ ಇವುಗಳಲ್ಲಿ ಒಂದು ಗ್ರಾಂ ಕೂಡ ಕಡಿಮೆ ಮಾಡಬೇಡಿ. ಅಲ್ಲಿ ತೂತು ಕೊರೆದ ಗಾಡಿಯನ್ನು ನಾನು ಓಡಿಸುವುದೂ ಇಲ್ಲ, ಬೇರೆಯವರಿಗೆ ಓಡಿಸಲು ಬಿಡುವುದೂ ಇಲ್ಲ.

ಈಗ ಇಂಜಿನ್. ಎಲ್ಲರ ಕಣ್ಣು ಪೋರ್ಟಿನ ಮೇಲೆ. ನನ್ನ ಕಣ್ಣು ಮೊದಲು ಕ್ರ್ಯಾಂಕ್ ಮೇಲೆ, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟಿನ ಮೇಲೆ. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ ಗಾಳಿ ಪಂಪು. ಅದು ಸೋರಿದರೆ ಮೇಲೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎಷ್ಟೋ ವರ್ಷ ಸುಮ್ನೆ ನಿಂತ ಗಾಡಿಯ ಆಯಿಲ್ ಸೀಲ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಗೇರ್‌ಬಾಕ್ಸ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಸುಟ್ಟು ಬಿಳಿ ಹೊಗೆ ಬರುತ್ತದೆ, ಕಣ್ಣಿಗಾದರೂ ಕಾಣುತ್ತದೆ. ಮ್ಯಾಗ್ನೆಟೊ ಅಥವಾ ಆಲ್ಟರ್ನೇಟರ್ ಕಡೆಯ ಸೀಲ್ ಹೋದರೆ ಏನೂ ಕಾಣುವುದಿಲ್ಲ. ಅಲ್ಲಿಂದ ಬರೀ ಗಾಳಿ ಒಳಗೆ ಹೋಗಿ ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗುತ್ತದೆ, ಒಂದು ದಿನ ಫುಲ್ ಥ್ರಾಟಲ್‌ನಲ್ಲಿ ಪಿಸ್ಟನ್ ಸೀಜ್ ಆಗುತ್ತದೆ. ಜನ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಬದಲಿಸುತ್ತಾ ಕೂರುತ್ತಾರೆ, ತಪ್ಪು ಸೀಲಿನದು.

ಆದ್ದರಿಂದ ನನ್ನ ಕೈಯಿಂದ ಹೋಗುವ ಪ್ರತಿ ಇಂಜಿನ್‌ಗೂ ಲೀಕ್ ಟೆಸ್ಟ್ ಮಾಡುತ್ತೇನೆ. ಕಾರ್ಬುರೇಟರ್ ಬಾಯಿ, ಎಕ್ಸಾಸ್ಟ್ ಬಾಯಿ ಎರಡನ್ನೂ ಮುಚ್ಚಿ, ಸಣ್ಣ ಪಂಪಿನಿಂದ 6 ಪಿಎಸ್‌ಐ ಗಾಳಿ ತುಂಬುವುದು. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕುವುದು. ಟೂ-ಸ್ಟ್ರೋಕ್ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಇಂಜಿನ್ ಉಳಿಸುವ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ. ಕ್ರ್ಯಾಂಕ್‌ಗೆ ಹೊಸ ಬೇರಿಂಗ್, ಹೊಸ ಸೀಲ್ ಹಾಕಿ, ಡಯಲ್ ಗೇಜ್ ಇಟ್ಟು ನೇರ ಮಾಡಿಸಿ. ಪವರ್ ಜಾಸ್ತಿ ಮಾಡುವುದಿದ್ದರೆ ಕ್ರ್ಯಾಂಕ್ ಪಿನ್‌ಗೆ ವೆಲ್ಡಿಂಗ್ ಕೂಡ ಮಾಡಿಸಿ, ಇಲ್ಲದಿದ್ದರೆ ಒತ್ತಿ ಕೂರಿಸಿದ ಕ್ರ್ಯಾಂಕ್ ತಿರುಚಿಕೊಳ್ಳುತ್ತದೆ.

ನಿಜವಾದ ಪವರ್ ಇರುವುದು ಪೈಪಿನಲ್ಲಿ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಂಪನಿಯಲ್ಲಿ ಇಂಜಿನಿಯರ್ ವಾಲ್ಟರ್ ಕಾಡೆನ್ ಇದನ್ನು ತೋರಿಸಿಕೊಟ್ಟರು. 1961ರ ಹೊತ್ತಿಗೆ ಅವರ 125 ಸಿಸಿ ಇಂಜಿನ್ 25 ಎಚ್‌ಪಿ ಕೊಡುತ್ತಿತ್ತು, ಅಂದರೆ ಲೀಟರಿಗೆ 200 ಎಚ್‌ಪಿ. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದರು. ಆ ವಿದ್ಯೆ ಅವರ ಜೊತೆಗೇ ಜಪಾನಿಗೆ ಹೋಯಿತು. 1962ರಲ್ಲಿ ಡೆಗ್ನರ್ ಸುಜುಕಿ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದರು.

ಪೈಪ್ ಮಾಡುವ ಕೆಲಸ ಇಷ್ಟು. ಎಕ್ಸಾಸ್ಟ್ ಪೋರ್ಟ್ ತೆರೆದ ತಕ್ಷಣ ಒತ್ತಡದ ಅಲೆಯೊಂದು ಪೈಪಿನೊಳಗೆ ಓಡುತ್ತದೆ. ಪೈಪ್ ಅಗಲವಾಗುವ ಕಡೆ ಹೀರುವ ಅಲೆ ವಾಪಸ್ ಬಂದು, ಟ್ರಾನ್ಸ್‌ಫರ್ ಪೋರ್ಟಿನಿಂದ (ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಹೋಗುವ ದಾರಿ) ಹೊಸ ಮಿಶ್ರಣವನ್ನು ಎಳೆಯುತ್ತದೆ. ಸ್ವಲ್ಪ ಮಿಶ್ರಣ ಪೈಪಿನೊಳಗೂ ನುಗ್ಗುತ್ತದೆ. ಅಷ್ಟರಲ್ಲಿ ಹಿಂದಿನ ಕೋನ್‌ಗೆ ಬಡಿದ ಅಲೆ ತಿರುಗಿ ಬಂದು, ಪೋರ್ಟ್ ಮುಚ್ಚುವ ಮುಂಚೆ ಆ ಮಿಶ್ರಣವನ್ನು ಸಿಲಿಂಡರ್‌ಗೆ ವಾಪಸ್ ತಳ್ಳುತ್ತದೆ. ಇದೆಲ್ಲ ಸರಿಯಾದ ಹೊತ್ತಿಗೆ ಆಗಬೇಕು, ಅಲ್ವಾ? ಹೊತ್ತು ಅಂದರೆ ಆರ್‌ಪಿಎಂ. ಬಿಸಿ ಎಕ್ಸಾಸ್ಟ್‌ನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 518 ಮೀಟರ್ ಅಂತ ಹಿಡಿಯುತ್ತೇವೆ. ಕ್ರ್ಯಾಂಕಿನ ಒಂದು ಸುತ್ತಿನಲ್ಲಿ ಎಕ್ಸಾಸ್ಟ್ ಪೋರ್ಟ್ 190 ಡಿಗ್ರಿ ತೆರೆದಿರುವ ಇಂಜಿನ್‌ಗೆ 8500 ಆರ್‌ಪಿಎಂ ಬೇಕಾದರೆ, ಪಿಸ್ಟನ್‌ನಿಂದ ಹಿಂದಿನ ಕೋನ್‌ವರೆಗೆ ಸುಮಾರು 96 ಸೆಂಮೀ ಬರುತ್ತದೆ. 10000 ಬೇಕಾದರೆ 82 ಸೆಂಮೀ. ರೇಸ್ ಗಾಡಿಯ ಪೈಪ್ ತಂದು ರಸ್ತೆ ಗಾಡಿಗೆ ಹಾಕಿದರೆ 6000ದಲ್ಲಿ ಗಾಡಿ ಮಂಕಾಗುವುದು ಇದಕ್ಕೇ. ರಸ್ತೆಗೆ ಕಟ್ಟುವುದಾದರೆ 8500 ಸಾಕು ಅನ್ನುವುದು ನನ್ನ ಅಭಿಪ್ರಾಯ. ಪೈಪಿನ ತುದಿಯ ಸಣ್ಣ ಕೊಳವೆಯನ್ನು ತೀರಾ ಕಿರಿದು ಮಾಡಬೇಡಿ, ಬಿಸಿ ಒಳಗೇ ಉಳಿದು ಪಿಸ್ಟನ್ ತೂತಾಗುತ್ತದೆ.

ಪೋರ್ಟ್ ವಿಷಯಕ್ಕೆ ಬಂದರೆ, ಫೈಲ್ ಹಿಡಿಯುವ ಮುಂಚೆ ಡಿಗ್ರಿ ವೀಲ್ (ಕ್ರ್ಯಾಂಕಿನ ಕೋನ ಅಳೆಯುವ ತಟ್ಟೆ) ಹಿಡಿಯಿರಿ. 54 ಮಿಮೀ ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಇಂಜಿನ್‌ನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿಮೀ ಎತ್ತಿದರೆ ಪೋರ್ಟ್ ತೆರೆದಿರುವ ಅವಧಿ ಒಟ್ಟು 4 ಡಿಗ್ರಿಗೂ ಜಾಸ್ತಿಯಾಗುತ್ತದೆ. ಕೆರೆದ ಲೋಹ ಮತ್ತೆ ಬರುವುದಿಲ್ಲ. ಪೋರ್ಟನ್ನು ತೀರಾ ಅಗಲ ಮಾಡಿದರೆ ಪಿಸ್ಟನ್ ರಿಂಗ್ ಅದರೊಳಗೆ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಚುಗಳನ್ನು ನುಣ್ಣಗೆ ಇಳಿಜಾರು ಮಾಡಲೇಬೇಕು. ಕಾರ್ಬುರೇಟರ್ ದೊಡ್ಡದು ಮಾಡುವ ಆಸೆ ಬೇಡ. ಆರ್‌ಡಿಯ 28 ಮಿಮೀ ಮಿಕುನಿ, ಒಳ್ಳೆಯ ರೀಡ್ ಎಲೆಗಳ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ತೆಳು ಕವಾಟ) ಜೊತೆ, ರಸ್ತೆಗೆ ಸಾಕಾಗುತ್ತದೆ.

ಹೆಡ್ಡಿನಲ್ಲಿ ನೋಡಬೇಕಾದದ್ದು ಸ್ಕ್ವಿಶ್ ಸಂದು, ಅಂದರೆ ಪಿಸ್ಟನ್ ತೀರಾ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ. ಪ್ಲಗ್ ತೂತಿನಿಂದ ಸೋಲ್ಡರ್ ತಂತಿಯನ್ನು ಗೋಡೆ ಮುಟ್ಟುವ ತನಕ ಇಳಿಸಿ, ಕ್ರ್ಯಾಂಕ್ ತಿರುಗಿಸಿ, ಚಪ್ಪಟೆಯಾದ ತುದಿ ಅಳೆಯಿರಿ. 1 ಮಿಮೀ ಆಸುಪಾಸು ಇರಬೇಕು. 2 ಮಿಮೀ ಇದ್ದರೆ ಕೊನೆಯಲ್ಲಿ ಉರಿಯುವ ಮಿಶ್ರಣ ಅಲ್ಲೇ ಸಿಡಿದು ನಾಕಿಂಗ್ ಶುರುವಾಗುತ್ತದೆ. ಹೆಚ್ಚು ಕಂಪ್ರೆಷನ್‌ಗಿಂತ ಸರಿಯಾದ ಸ್ಕ್ವಿಶ್ ಮೇಲು.

ಇಗ್ನಿಷನ್ ಪಾಯಿಂಟ್ಸ್ ಬಿಟ್ಟು ಎಲೆಕ್ಟ್ರಾನಿಕ್ ಹಾಕಿ. ಆರ್‌ಡಿಯಲ್ಲಿ ಟಿಡಿಸಿಗೆ (ಪಿಸ್ಟನ್ ಮುಟ್ಟುವ ತೀರಾ ಮೇಲಿನ ಜಾಗ) 2 ಮಿಮೀ ಮುಂಚೆ ಕಿಡಿ, ಅಂದರೆ ಸುಮಾರು 20 ಡಿಗ್ರಿ. ಮೇಲಿನ ಆರ್‌ಪಿಎಂನಲ್ಲಿ ಕಿಡಿಯನ್ನು ಸ್ವಲ್ಪ ತಡ ಮಾಡುವ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್ ಪೆಟ್ಟಿಗೆ) ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಪೈಪಿಗೆ ಜಾಸ್ತಿ ಬಿಸಿ ಹೋಗುತ್ತದೆ, ಅಲೆ ವೇಗವಾಗುತ್ತದೆ, ಪೈಪ್ ಗಿಡ್ಡ ಆದ ಹಾಗೆ ಕೆಲಸ ಮಾಡುತ್ತದೆ. ಪವರ್ ಇನ್ನಷ್ಟು ಮೇಲಿನ ತನಕ ಎಳೆಯುತ್ತದೆ. ಈ ಚಂದ ನನಗೆ ಇವತ್ತಿಗೂ ಹಳತಾಗಿಲ್ಲ.

ಇಷ್ಟು ಪವರ್ ಬಂದ ಮೇಲೆ ಕ್ಲಚ್ ಸ್ಪ್ರಿಂಗ್ ಗಟ್ಟಿಯಾಗಬೇಕು, ಸ್ಟೀರಿಂಗಿನ ಬಿಡಿ ಗುಂಡುಗಳ ಜಾಗಕ್ಕೆ ಟೇಪರ್ ಬೇರಿಂಗ್ ಬರಬೇಕು, ಸ್ವಿಂಗ್ ಆರ್ಮ್ ಬುಷ್‌ನಲ್ಲಿ ಆಟ ಇರಬಾರದು. ಬ್ರೇಕ್ ಪೈಪ್ ಸ್ಟೀಲ್ ಜಾಲರಿಯದು ಹಾಕಿ.

ಜೆಟ್ಟಿಂಗ್ ಕೊನೆಗೆ. ಬೇಕಾದ್ದಕ್ಕಿಂತ ದೊಡ್ಡ ಮೇನ್ ಜೆಟ್ಟಿನಿಂದ ಶುರು ಮಾಡಿ ಒಂದೊಂದೇ ಸೈಜ್ ಇಳಿಯಿರಿ. ಪ್ರತಿ ಸಲ ಫುಲ್ ಥ್ರಾಟಲ್‌ನಲ್ಲಿ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪ್ಲಗ್ ನೋಡಿ. ಹೆದರಿಕೊಂಡು ಪೆಟ್ರೋಲಿಗೆ ಆಯಿಲ್ ಜಾಸ್ತಿ ಸುರಿಯಬೇಡಿ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಪೆಟ್ರೋಲ್ ಕಡಿಮೆ ಹೋಗಿ ಮಿಶ್ರಣ ತೆಳುವಾಗುತ್ತದೆ. ಪೈಪ್ ಬದಲಿಸಿದರೆ, ಏರ್ ಫಿಲ್ಟರ್ ಬದಲಿಸಿದರೆ ಈ ಕೆಲಸ ಮತ್ತೆ ಮೊದಲಿನಿಂದ. ಚಳಿಗಾಲದ ಗಾಳಿ ದಟ್ಟ, ಅದಕ್ಕೆ ಪೆಟ್ರೋಲೂ ಜಾಸ್ತಿ ಬೇಕು. ಸೆಕೆಯಲ್ಲಿ ಸರಿಮಾಡಿದ ಗಾಡಿಯನ್ನು ಚಳಿಯ ಬೆಳಗ್ಗೆ ಎಳೆಯುವ ಮುಂಚೆ ಜೆಟ್ ಒಂದು ಸೈಜ್ ಏರಿಸಿ.