ಪಶ್ಚಾತ್ತಾಪ ಮೊದಲಾ, ಆಶೀರ್ವಾದ ಮೊದಲಾ? ಸಲಿಂಗ ಜೋಡಿಗಳ ಕುರಿತ ಕಥೋಲಿಕ ಚರ್ಚೆ: ಅಧ್ಯಯನ ಟಿಪ್ಪಣಿ

ಸಲಿಂಗ ಜೋಡಿಗಳ ಆಶೀರ್ವಾದ ಎಂದ ಕೂಡಲೇ ಹೆಚ್ಚಿನವರು ಮದುವೆಯ ಚರ್ಚೆಗೆ ಇಳಿದುಬಿಡುತ್ತಾರೆ. ಓದುವವರಿಗೆ ಅಲ್ಲೇ ದಾರಿ ತಪ್ಪುತ್ತದೆ. ಸಲಿಂಗ ಸಂಬಂಧವನ್ನು ಆಶೀರ್ವದಿಸಬಹುದೇ ಎಂಬ ಪ್ರಶ್ನೆಗೆ ರೋಮ್ (ಅಂದರೆ ಪೋಪ್ ಅವರ ಕೇಂದ್ರಾಡಳಿತ) ಹೊರಡಿಸಿದ 2021ರ ಉತ್ತರವನ್ನೂ ಅದೇ ವಿಷಯದ 2023ರ ಘೋಷಣೆಯನ್ನೂ ಪಕ್ಕಪಕ್ಕ ಇಟ್ಟು ಓದಿ. ಮದುವೆ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣಿನ ನಡುವೆ ಮಾತ್ರ ಎಂದು ಎರಡೂ ಹೇಳುತ್ತವೆ. ಅವು ಬೇರೆಯಾಗುವುದು ಇನ್ನೊಂದು ಪ್ರಶ್ನೆಯಲ್ಲಿ: ಆಶೀರ್ವಾದ ಕೇಳಿ ಬಂದವರು ಮೊದಲೇ ಪಶ್ಚಾತ್ತಾಪಪಟ್ಟಿರಬೇಕಾ?

ಹಿನ್ನೆಲೆಗೆ ಧರ್ಮಸಭೆಯ (ಕಥೋಲಿಕ ಚರ್ಚ್‌ನ) ಅಧಿಕೃತ ಬೋಧನಾ ಗ್ರಂಥವಾದ ಕ್ಯಾಟೆಕಿಸಂನ ಮೂರು ಪ್ಯಾರಾ ಸಾಕು, 2357ರಿಂದ 2359. ಮೊದಲನೆಯದು ಸಲಿಂಗ ಲೈಂಗಿಕ ಕ್ರಿಯೆಗಳು ಸ್ವಭಾವತಃ ಕ್ರಮ ತಪ್ಪಿದವು ಎನ್ನುತ್ತದೆ. ಎರಡನೆಯದು ಆ ವ್ಯಕ್ತಿಗಳನ್ನು ಗೌರವ, ಕನಿಕರ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯ ಕೂಡದು ಎನ್ನುತ್ತದೆ. ಮೂರನೆಯದು ಅವರನ್ನು ಶುದ್ಧ ಬ್ರಹ್ಮಚರ್ಯದ ಬದುಕಿಗೆ ಕರೆಯುತ್ತದೆ. ವಾದ ಮಾಡುವವರು ಸಾಮಾನ್ಯವಾಗಿ ಈ ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಬಿಡುತ್ತಾರೆ. ಯಾರು ಯಾವುದನ್ನು ಬಿಟ್ಟರು ಅಂತ ಗಮನಿಸಿದರೆ ಅರ್ಧ ಚರ್ಚೆ ಅರ್ಥವಾದಂತೆ.

ಇನ್ನು ಪಶ್ಚಾತ್ತಾಪ. 1551ರಲ್ಲಿ ಧರ್ಮಾಧ್ಯಕ್ಷರ (ಬಿಷಪ್ಪರ) ಟ್ರೆಂಟ್ ಮಹಾಸಭೆ ಇದರ ಅರ್ಥವನ್ನು ಗಟ್ಟಿ ಮಾಡಿತು: ಮಾಡಿದ ಪಾಪದ ಬಗ್ಗೆ ಮನಸ್ಸಿನ ನೋವು, ಅದರ ಮೇಲೆ ಹೇಸಿಗೆ, ಮುಂದೆ ಮಾಡುವುದಿಲ್ಲ ಎಂಬ ನಿರ್ಧಾರ. ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವಾಗ, ಕ್ಷಮೆ ಸಿಗಬೇಕಾದರೆ ಇದು ಬೇಕೇ ಬೇಕು. ಈ ನಿಯಮ ಇರುವುದು ಸಂಸ್ಕಾರಕ್ಕೆ (ದೀಕ್ಷಾಸ್ನಾನ, ಪಾಪನಿವೇದನೆ, ಮದುವೆಯಂಥ ಏಳು ಪವಿತ್ರ ವಿಧಿಗಳಲ್ಲಿ ಒಂದಕ್ಕೆ) ಎಂಬುದನ್ನು ಮಾತ್ರ ಮರೆಯಬೇಡಿ. ಆಶೀರ್ವಾದ ಏಳು ಸಂಸ್ಕಾರಗಳಲ್ಲಿ ಒಂದಲ್ಲ. ಮನೆಗೆ, ಜಪಮಾಲೆಗೆ, ರೋಗಿಗೆ, ಪ್ರಯಾಣ ಹೊರಟವರಿಗೆ ಎಲ್ಲರಿಗೂ ಅದು ಇದೆ. ಹೊಸ ಬೈಕನ್ನು ಚರ್ಚ್ ಅಂಗಳದಲ್ಲಿ ನಿಲ್ಲಿಸಿ ಗುರುಗಳಿಂದ ತೀರ್ಥ ಹಾಕಿಸುವವರನ್ನು 'ಪಾಪನಿವೇದನೆ ಆಯ್ತಾ' ಎಂದು ಯಾರೂ ಕೇಳುವುದಿಲ್ಲ ಅಲ್ವಾ.

ಇದಕ್ಕೆ ಎದುರು ಪಕ್ಷದ ಉತ್ತರ ಹಗುರವಾದದ್ದಲ್ಲ. ಬೈಕ್ ಪಾಪ ಮಾಡುವುದಿಲ್ಲ. ಇಲ್ಲಿ ಆಶೀರ್ವದಿಸುತ್ತಿರುವುದು ಧರ್ಮಸಭೆಯೇ ತಪ್ಪು ಎನ್ನುವ ಒಂದು ಸಂಬಂಧವನ್ನು ಎಂದು ಅವರು ಹೇಳುತ್ತಾರೆ. 2021ರ ಮಾರ್ಚ್ 15ರಂದು ರೋಮ್‌ನ ವಿಶ್ವಾಸ ಬೋಧನೆಯ ಇಲಾಖೆ ಪ್ರಕಟಿಸಿದ ಉತ್ತರದ ತಿರುಳು ಇದೇ. ಆಗ ಅದರ ಮುಖ್ಯಸ್ಥರಾಗಿದ್ದವರು ಕಾರ್ಡಿನಲ್ ಲೂಯಿಸ್ ಲದಾರಿಯಾ. ಸಲಿಂಗ ಸಂಬಂಧವನ್ನು ಆಶೀರ್ವದಿಸುವ ಅಧಿಕಾರ ಧರ್ಮಸಭೆಗೆ ಇಲ್ಲ, ದೇವರು ಪಾಪವನ್ನು ಆಶೀರ್ವದಿಸುವುದಿಲ್ಲ, ಆಶೀರ್ವದಿಸಲಾರ ಎಂದು ಅದು ಹೇಳಿತು. ಸಲಿಂಗ ಒಲವಿರುವ ವ್ಯಕ್ತಿಗೆ ಒಂಟಿಯಾಗಿ ಆಶೀರ್ವಾದ ಕೊಡಬಹುದು, ಆದರೆ ಆತ ದೇವರ ಯೋಜನೆಗೆ ನಿಷ್ಠನಾಗಿ ಬದುಕುವ ಮನಸ್ಸು ತೋರಿಸಿರಬೇಕು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ. ಇಲ್ಲಿ ಪಶ್ಚಾತ್ತಾಪ ಬಾಗಿಲಲ್ಲೇ ನಿಂತಿದೆ. ಅದೇ ಮೇ ತಿಂಗಳಲ್ಲಿ ಜರ್ಮನಿಯ ಹಲವಾರು ಚರ್ಚುಗಳು ಇದನ್ನು ಲೆಕ್ಕಿಸದೆ ಬಹಿರಂಗವಾಗಿ ಆಶೀರ್ವಾದ ಸಭೆ ನಡೆಸಿದವು.

2023ರಲ್ಲಿ ಐವರು ಕಾರ್ಡಿನಲ್‌ಗಳು, ಅಂದರೆ ಪೋಪ್ ನಂತರದ ಹಿರಿಯ ಧರ್ಮಗುರುಗಳು (ಬರ್ಕ್, ಬ್ರಾಂಡ್‌ಮ್ಯೂಲರ್, ಸಾಂಡೊವಾಲ್, ಸಾರಾ, ಜೆನ್) ಪೋಪ್ ಫ್ರಾನ್ಸಿಸ್ ಅವರಿಗೆ ಐದು ಪ್ರಶ್ನೆ ಕಳಿಸಿದರು. ಎರಡನೆಯದು ಆಶೀರ್ವಾದದ ಬಗ್ಗೆ, ಐದನೆಯದು ಪಶ್ಚಾತ್ತಾಪದ ಬಗ್ಗೆ. ಎರಡನ್ನೂ ಜೊತೆಯಲ್ಲೇ ಓದಬೇಕು. ಕ್ಷಮೆಗೆ ಪಶ್ಚಾತ್ತಾಪ ಅಗತ್ಯ, ಅದರಲ್ಲಿ ಇನ್ನು ಪಾಪ ಮಾಡೆನೆಂಬ ಉದ್ದೇಶವೂ ಇದೆ ಎಂದು ಫ್ರಾನ್ಸಿಸ್ ಒಪ್ಪಿದರು. ಆಮೇಲೆ ಇಲ್ಲಿ ಗಣಿತದ ಲೆಕ್ಕ ಇಲ್ಲ, ಪಾಪನಿವೇದನೆಯ ಜಾಗ ಸುಂಕದ ಕಟ್ಟೆಯಲ್ಲ ಎಂದರು. ಸ್ವಾಭಿಮಾನವೇ ಜಜ್ಜಿಹೋದವರಿಗೆ 'ನಾನು ತಪ್ಪಿತಸ್ಥ' ಎಂದು ಬಾಯಿಬಿಟ್ಟು ಹೇಳುವುದು ಚಿತ್ರಹಿಂಸೆ ಆಗಬಹುದು; ಅಂಥವರು ಪಾಪನಿವೇದನೆಗೆ ಬಂದದ್ದೇ ಪಶ್ಚಾತ್ತಾಪದ ಗುರುತು ಎಂದರು. ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ ಮಾತು ಇದು. ಮುಂದಿನ ದಾಖಲೆ ಬೆಳೆದದ್ದೂ ಇದೇ ದಾರಿಯಲ್ಲಿ.

ಆ ದಾಖಲೆ 2023ರ ಡಿಸೆಂಬರ್ 18ರ 'ಫಿದೂಚಿಯಾ ಸುಪ್ಲಿಕಾನ್ಸ್'. ಬರೆದವರು ಇಲಾಖೆಯ ಹೊಸ ಮುಖ್ಯಸ್ಥ ಕಾರ್ಡಿನಲ್ ವಿಕ್ತೋರ್ ಮ್ಯಾನುಯೆಲ್ ಫೆರ್ನಾಂದೆಸ್, ಒಪ್ಪಿಗೆ ಕೊಟ್ಟವರು ಪೋಪ್. ಪೂರ್ತಿ 45 ಪ್ಯಾರಾ; ಸಮಯ ಇಲ್ಲದವರು 25, 31, 39 ಓದಿ. ಆಶೀರ್ವಾದ ಕೇಳುವವರ ಬದುಕನ್ನು ಮೊದಲೇ ಇಡಿಯಾಗಿ ನೈತಿಕ ತಪಾಸಣೆಗೆ ಒಡ್ಡಬಾರದು ಎನ್ನುತ್ತದೆ 25. ಸಲಿಂಗ ಜೋಡಿಗಳಿಗೆ ಆಶೀರ್ವಾದ ಸಾಧ್ಯ, ಆದರೆ ಅದಕ್ಕೊಂದು ನಿಗದಿತ ಪ್ರಾರ್ಥನಾ ವಿಧಿ ಕಟ್ಟಬಾರದು ಎನ್ನುತ್ತದೆ 31. 39ನೆಯದು ಬೇಲಿ ಹಾಕುತ್ತದೆ: ಸಿವಿಲ್ ಮದುವೆಯ ಸಮಾರಂಭದ ಜೊತೆ ಬೇಡ; ಮದುವೆಯ ಬಟ್ಟೆ, ಮಾತು, ಹಾವಭಾವ ಯಾವುದೂ ಬೇಡ.

31ನೇ ಪ್ಯಾರಾದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆಶೀರ್ವಾದಕ್ಕೆ ಬರುವವರು ಎಂಥವರು ಎಂದು ಅದು ವಿವರಿಸುತ್ತದೆ: ತಾವು ಬಡವರು, ದೇವರ ನೆರವು ಬೇಕು ಎಂದು ಅರಿತವರು, ತಮ್ಮ ಸ್ಥಿತಿಗೆ ಮುದ್ರೆ ಒತ್ತಿ ಎಂದು ಕೇಳದವರು, ತಮ್ಮ ಬದುಕಿನಲ್ಲಿ, ಸಂಬಂಧದಲ್ಲಿ ಸತ್ಯವಾದದ್ದು, ಒಳ್ಳೆಯದು ಏನಿದೆಯೋ ಅದು ಪವಿತ್ರಾತ್ಮರಿಂದ ಬೆಳೆಯಲಿ, ವಾಸಿಯಾಗಲಿ, ಮೇಲೇರಲಿ ಎಂದು ಬೇಡುವವರು. ಪಶ್ಚಾತ್ತಾಪ ಇಲ್ಲಿಂದ ಮಾಯವಾಗಿದೆ ಅನ್ನುವವರು ಈ ಸಾಲನ್ನು ಹಾರಿಸಿ ಓದಿದ್ದಾರೆ. ಅದು ಷರತ್ತಿನ ಜಾಗ ಬಿಟ್ಟು ಬೇಡಿಕೆಯ ಒಳಗೆ ಸೇರಿಕೊಂಡಿದೆ, ಅಷ್ಟೇ.

ವಿರೋಧ ಕೂಡಲೇ ಎದ್ದಿತು. ಕಜಕಿಸ್ತಾನದ ಅಸ್ತಾನಾದಲ್ಲಿ ಮರುದಿನವೇ ನಿಷೇಧ ಬಂತು. ಇಂಥ ಆಶೀರ್ವಾದ ದೇವದೂಷಣೆ ಎಂದರು ಅದೇ ಇಲಾಖೆಯ ಮಾಜಿ ಮುಖ್ಯಸ್ಥ ಕಾರ್ಡಿನಲ್ ಗೆರ್ಹಾರ್ಡ್ ಮ್ಯೂಲರ್. 2024ರ ಜನವರಿ 4ರಂದು ಫೆರ್ನಾಂದೆಸ್ ಮತ್ತೆ ವಿವರಣೆ ಕೊಟ್ಟರು. ಹತ್ತು ಹದಿನೈದು ಸೆಕೆಂಡಿನ ಪ್ರಾರ್ಥನೆ ಇದು ಎಂದು ಒಂದು ಮಾದರಿಯನ್ನೂ ಬರೆದರು. ಸ್ವಾಮಿ, ನಿನ್ನ ಈ ಮಕ್ಕಳನ್ನು ನೋಡು; ಆರೋಗ್ಯ, ಕೆಲಸ, ಶಾಂತಿ, ಪರಸ್ಪರ ನೆರವು ಕೊಡು; ನಿನ್ನ ಶುಭಸಂದೇಶಕ್ಕೆ ವಿರುದ್ಧವಾದ ಎಲ್ಲದರಿಂದ ಬಿಡಿಸಿ ನಿನ್ನ ಚಿತ್ತದಂತೆ ಬದುಕಲು ಕಲಿಸು ಎಂಬುದು ಅದರ ಸಾರ. ಗಮನಿಸಿ, 'ವಿರುದ್ಧವಾದ ಎಲ್ಲದರಿಂದ' ಎನ್ನುವ ಬಿನ್ನಹ ಆ ಪುಟ್ಟ ಪ್ರಾರ್ಥನೆಯಲ್ಲೇ ಇದೆ. ಆದರೂ ಜನವರಿ 11ರಂದು ಆಫ್ರಿಕಾದ ಧರ್ಮಾಧ್ಯಕ್ಷರ ಪರವಾಗಿ ಕಾಂಗೋದ ಕಿನ್ಶಾಸಾದ ಕಾರ್ಡಿನಲ್ ಫ್ರಿಡೊಲಿನ್ ಅಂಬೊಂಗೊ ತಮ್ಮಲ್ಲಿ ಇದು ಸರಿಹೊಂದುವುದಿಲ್ಲ, ಗೊಂದಲ ಆಗುತ್ತದೆ ಎಂದು ಪತ್ರ ಹೊರಡಿಸಿದರು. ರೋಮ್ ಅದಕ್ಕೆ ಅಡ್ಡಿ ಮಾಡಲಿಲ್ಲ. ಮಾರ್ಚ್‌ನಲ್ಲಿ ಈಜಿಪ್ಟಿನ ಕಾಪ್ಟಿಕ್ ಆರ್ಥೊಡಾಕ್ಸ್ ಸಭೆ ಕಥೋಲಿಕರ ಜೊತೆಗಿನ ದೈವಶಾಸ್ತ್ರ ಮಾತುಕತೆಯನ್ನೇ ನಿಲ್ಲಿಸಿತು.

ವಾದದಲ್ಲಿ ನಿಜವಾಗಿ ಬಿಗಿಯಾದ ಗಂಟು ಒಂದಿದೆ. ಆಶೀರ್ವಾದ ವ್ಯಕ್ತಿಗಳಿಗೆ ಎಂದರೆ ಯಾರ ತಕರಾರೂ ಇಲ್ಲ. ಸಂಬಂಧಕ್ಕೆ ಎಂದರೆ 2021ರ ಉತ್ತರವೇ ಅಡ್ಡ ಬರುತ್ತದೆ. 2023ರ ದಾಖಲೆ ನಡುವೆ ಜೋಡಿಯನ್ನು ತರುತ್ತದೆ. ಒಟ್ಟಾಗಿ ಕೇಳಿ ಬಂದ ಇಬ್ಬರನ್ನು ಆಶೀರ್ವದಿಸಬಹುದು, ಅವರ ಕೂಡುಬಾಳನ್ನಲ್ಲ ಎಂದು ಫ್ರಾನ್ಸಿಸ್ ಆ ಜನವರಿ ಕೊನೆಯಲ್ಲಿ ವಿವರಿಸಿದರು. ನನ್ನ ಮಟ್ಟಿಗೆ ಇದು ಕಾಗದದ ಮೇಲೆ ನಿಲ್ಲುತ್ತದೆ, ಚರ್ಚ್ ಮೆಟ್ಟಿಲ ಮೇಲೆ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಜೋಡಿಯಾಗಿ ಬಂದವರು ತಮ್ಮ ಜೋಡಿತನವನ್ನು ಹೊರಗೆ ಬಿಟ್ಟು ಬಂದಿರುವುದಿಲ್ಲವಲ್ಲ. ವಿರೋಧಿಗಳು ಇಷ್ಟನ್ನು ಹೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದರ ಬದಲು ಮೊದಲು ಬೇರೆಯಾಗಿ, ಆಮೇಲೆ ಬನ್ನಿ ಎಂದು ಹೇಳುವವರು ಸುಮ್ನೆ ಒಂದು ಆಶೀರ್ವಾದವನ್ನು ಸಂಸ್ಕಾರದಷ್ಟು ಎತ್ತರಕ್ಕೆ ಏರಿಸುತ್ತಿದ್ದಾರೆ.

ಶುಭಸಂದೇಶದಲ್ಲಿ ಎರಡೂ ಪಕ್ಷಕ್ಕೆ ಆಧಾರ ಇದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಣ್ಣಿಗೆ ಯೇಸು ಹೇಳಿದ 'ಇನ್ನು ಪಾಪ ಮಾಡಬೇಡ' ಎಂಬ ಮಾತನ್ನು ಒಬ್ಬರು ಎತ್ತಿ ಹಿಡಿಯುತ್ತಾರೆ, ಅದಕ್ಕೂ ಮೊದಲು ಬರುವ 'ನಾನೂ ನಿನ್ನನ್ನು ದಂಡಿಸುವುದಿಲ್ಲ' ಎಂಬುದನ್ನು ಇನ್ನೊಬ್ಬರು. ಲೂಕನ 19ನೇ ಅಧ್ಯಾಯದಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯಲ್ಲಿ ಕ್ರಮ ಇನ್ನೂ ಸ್ಪಷ್ಟ. ಯೇಸು ಮೊದಲು 'ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು' ಎನ್ನುತ್ತಾರೆ. ಜನ ಗೊಣಗುತ್ತಾರೆ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಜಕ್ಕಾಯ ಹೇಳುವುದು ಆಮೇಲೆ. ಸ್ವಾಗತವೇ ಪಶ್ಚಾತ್ತಾಪವನ್ನು ಹೊರತಂದಿತು. ಆದರೆ ಜಕ್ಕಾಯ ಬದಲಾದ ಎಂಬುದನ್ನೂ ಬಿಡುವ ಹಾಗಿಲ್ಲ.

ಈ ಚರ್ಚೆಯಲ್ಲಿ ಕಡಿಮೆ ಕೇಳುವುದು ಆ ಜನರದ್ದೇ ದನಿ, ಅದೂ ಒಂದೇ ದನಿ ಅಲ್ಲ. ಬೋಧನೆಯಂತೆ ಬ್ರಹ್ಮಚರ್ಯದಲ್ಲಿ ಬದುಕಲು ಬಯಸುವ ಸಲಿಂಗಿ ಕಥೋಲಿಕರ ಬಳಗ 'ಕರೇಜ್' 1980ರಲ್ಲೇ ನ್ಯೂಯಾರ್ಕ್‌ನಲ್ಲಿ ಶುರುವಾಗಿದೆ. ಅಂಥ ಬದುಕು ಆರಿಸಿಕೊಂಡವರಿಗೆ ಹೊಸ ದಾಖಲೆ ತಮ್ಮ ತ್ಯಾಗವನ್ನು ಹಗುರ ಮಾಡಿತು ಅನ್ನಿಸಬಹುದು. ವರ್ಷಗಟ್ಟಲೆ ಜೊತೆಗೆ ಬಾಳಿ, ಕಾಯಿಲೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡವರಿಗೆ ಹದಿನೈದು ಸೆಕೆಂಡು ತೀರಾ ಕಮ್ಮಿ ಅನ್ನಿಸಬಹುದು. ಇಬ್ಬರ ನೋವೂ ನಿಜ.

2025ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ತೀರಿಕೊಂಡರು, ಮೇ 8ರಂದು ಹೊಸ ಪೋಪ್ ಆಗಿ ಹದಿನಾಲ್ಕನೇ ಲಿಯೋ ಬಂದರು. ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಎಲ್ಲರಿಗೂ ಸ್ವಾಗತ ಎಂದರು, ಬೋಧನೆ ಸದ್ಯಕ್ಕೆ ಬದಲಾಗುವ ಹಾಗೆ ಕಾಣುವುದಿಲ್ಲ ಎಂದೂ ಹೇಳಿದರು. ಉತ್ತರ ಯುರೋಪಿನಲ್ಲಿ ಆಶೀರ್ವಾದಕ್ಕೆ ವಿಧಿಗಳನ್ನೇ ಅಚ್ಚು ಹಾಕುತ್ತಿರುವುದು ಫ್ರಾನ್ಸಿಸ್ ಒಪ್ಪಿದ ದಾಖಲೆಗೇ ವಿರುದ್ಧ ಎಂದು ಆಕ್ಷೇಪಿಸಿದರು. ಅಂದರೆ 31ನೇ ಪ್ಯಾರಾ ಇನ್ನೂ ಜಾರಿಯಲ್ಲಿದೆ, ಅದು ಬಾಗಿಲು ತೆರೆದದ್ದೂ ಉಳಿದಿದೆ, ವಿಧಿ ಬೇಡ ಎಂದದ್ದೂ ಉಳಿದಿದೆ.