ಪದ ಪರಿಚಯ: ಕಾಲ್ಕಿಂಗ್

ಮರದ ನೌಕೆಯ ಮೇಲ್ತಳಕ್ಕೆ, ಅಂದರೆ ಡೆಕ್ಕಿಗೆ, ಜೋಡಿಸಿದ ಹಲಗೆಗಳ ನಡುವಿನ ಸಂದಿಯನ್ನು ನೀರು ಕೆಳಗಿಳಿಯದಂತೆಯೂ ಹಲಗೆಗಳು ಹಿಗ್ಗಿ ಕುಗ್ಗಲು ಅಡ್ಡಿಯಾಗದಂತೆಯೂ ತುಂಬುವ ಕೆಲಸವನ್ನು ಕಾಲ್ಕಿಂಗ್ ಎನ್ನುತ್ತಾರೆ. ಯಾಟ್ ಎಂದು ಕರೆಯುವ ಹಳೆಯ ಮಾದರಿಯ ವಿಹಾರನೌಕೆಗಳ ಚಿತ್ರಗಳಲ್ಲಿ ಹೊಂಬಣ್ಣದ ಹಲಗೆಗಳ ನಡುವೆ ಓರಣವಾಗಿ ಸಾಗುವ ಕಪ್ಪು ಗೆರೆಗಳು ಕಾಣುತ್ತವಲ್ಲ, ಅವೇ ಈ ಕೆಲಸದ ಫಲ. ಅವನ್ನು ಅಲಂಕಾರವೆಂದು ತಿಳಿದವರೇ ಹೆಚ್ಚು. ಇಂದು ಟೈಲ್ಸ್ ಅಂಗಡಿಗಳಲ್ಲಿ ಸಿಗುವ ಮರದ ನಮೂನೆಯ ಹಾಸುಗಳಲ್ಲಿ ಆ ಗೆರೆ ನಿಜವಾಗಿಯೂ ಬರಿಯ ಅಲಂಕಾರವೇ. ಆದರೆ ನೌಕೆಯ ಮೇಲೆ ಇಡೀ ಡೆಕ್ಕಿನ ಬಾಳಿಕೆ ನಿಂತಿರುವುದು ಹಲಗೆಗಿಂತ ಹೆಚ್ಚಾಗಿ ಆ ಗೆರೆಯ ಮೇಲೆ.

ಕೃಷ್ಣೆ, ಮಲಪ್ರಭೆಯ ದಡದವರಿಗೆ ಪರಿಚಿತವಾದ ಹರಿಗೋಲಿಗೆ ಈ ಸಮಸ್ಯೆಯೇ ಇಲ್ಲ. ಬಿದಿರಿನ ಹೆಣಿಗೆಗೆ ತೊಗಲನ್ನೋ ಈಗಿನಂತೆ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ ಡಾಂಬರು ಬಳಿದರೆ ನೀರು ತಡೆಯುವ ಕೆಲಸ ಮುಗಿಯುತ್ತದೆ, ಏಕೆಂದರೆ ಅಲ್ಲಿ ಹಲಗೆಗೆ ಹಲಗೆ ಕೂಡುವ ಸಂದಿಯೇ ಇರುವುದಿಲ್ಲ. ಹಲಗೆ ಜೋಡಿಸಿ ಕಟ್ಟುವ ನೌಕೆಯಲ್ಲಿ ಪ್ರತಿಯೊಂದು ಜೋಡಣೆಯೂ ನೀರಿಗೆ ಒಂದು ದಾರಿ, ಮತ್ತು ಆ ದಾರಿಯ ಅಗಲ ದಿನದಿನಕ್ಕೆ ಬದಲಾಗುತ್ತಿರುತ್ತದೆ.

ಹೀಗೆ ಬದಲಾಗಲು ಕಾರಣ ಮರದ ಸ್ವಭಾವ. ಕಡಿದು, ಸೀಳಿ, ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಬೆಳಗಾವಿಯ ಹಳೆಯ ಮನೆಗಳಲ್ಲಿ ಆಷಾಢದ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು, ವಿಜಯಪುರದ ಏಪ್ರಿಲ್ ಬಿಸಿಲಿಗೆ ಅಂಥದೇ ಬಾಗಿಲಿನ ಹಲಗೆಗಳ ನಡುವೆ ಬೆಳಕಿನ ಎಳೆ ಕಾಣುವುದು ಈ ಕಾರಣಕ್ಕೇ. ನೌಕೆಯ ಡೆಕ್ಕಿಗೆ ಈ ಎರಡೂ ಊರುಗಳ ಹವೆ ಒಂದೇ ದಿನದಲ್ಲಿ ಬಂದು ಹೋಗುತ್ತದೆ: ಬೆಳಿಗ್ಗೆ ಅಲೆಯ ನೀರಿಗೆ ತೊಯ್ದದ್ದು ಮಧ್ಯಾಹ್ನ ಬಿಸಿಲಿಗೆ ಸುಡುತ್ತದೆ. ಹಲಗೆ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಬದಲಾಗುವುದೆಲ್ಲ ಅಗಲದಲ್ಲಿ.

ಡೆಕ್ಕಿಗೆ ತೇಗವನ್ನು, ನಮ್ಮ ಕಡೆಯ ಮಾತಿನಲ್ಲಿ ಸಾಗವಾನಿಯನ್ನು, ಆರಿಸಿಕೊಂಡ ಮೊದಲ ಕಾರಣ ಇಲ್ಲಿದೆ. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ತೇಗವು ಬೆಳವಣಿಗೆಯ ಉಂಗುರದ ಗುಂಟ ಸುಮಾರು ಶೇ. 5ರಿಂದ 6ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಶೇ. 2.5ರಷ್ಟು ಕುಗ್ಗುತ್ತದೆ, ನೌಕೆಗಳಿಗೆ ಬಳಸುವ ಅಮೆರಿಕದ ಬಿಳಿ ಓಕ್ ಮರದಲ್ಲಿ ಈ ಕುಗ್ಗುವಿಕೆ ಹೆಚ್ಚುಕಡಿಮೆ ಎರಡರಷ್ಟು. ತೇಗದೊಳಗಿನ ಎಣ್ಣೆಯಂಶವು ಕೊಳೆಯನ್ನೂ ಹುಳುವನ್ನೂ ದೂರವಿಡುತ್ತದೆ. ಅದರಲ್ಲಿರುವ ಸಿಲಿಕಾ, ಅಂದರೆ ಮರಳಿನ ಅಂಶ, ರಂದಾದ ಅಲಗನ್ನು ಬೇಗ ಮೊಂಡು ಮಾಡುತ್ತದೆಂಬುದನ್ನು ಖಾನಾಪುರದ ಸಾಗವಾನಿಯಲ್ಲಿ ಕೆಲಸ ಮಾಡಿದ ಯಾವ ಬಡಿಗೇರರಿಗೂ ಹೇಳಿಕೊಡಬೇಕಾಗಿಲ್ಲ.

ಒಂದೇ ದಿಮ್ಮಿಯಿಂದ ಹಲಗೆಯನ್ನು ಎರಡು ಬಗೆಯಲ್ಲಿ ಸೀಳಬಹುದು. ಉಂಗುರಗಳು ಹಲಗೆಯ ಮುಖಕ್ಕೆ ಸಮಾನಾಂತರವಾಗಿ ಮಲಗುವಂತೆ ಸೀಳಿದರೆ ಮರ ಹೆಚ್ಚು ದಕ್ಕುತ್ತದೆ, ನೋಡಲು ಬಳ್ಳಿಯಂಥ ಚೆಲುವಾದ ಗೆರೆಗಳೂ ಮೂಡುತ್ತವೆ. ಉಂಗುರಗಳು ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಸೀಳಿದರೆ ಮರ ಹಾಳಾಗುವುದು ಹೆಚ್ಚು, ಚೆಲುವು ಕಡಿಮೆ. ಆದರೂ ಡೆಕ್ಕಿಗೆ ಬೇಕಾದದ್ದು ಎರಡನೆಯದೇ. 50 ಮಿ.ಮೀ. ಅಗಲದ ಹಲಗೆಯ ತೇವಾಂಶ ಶೇ. 8ರಿಂದ 14ಕ್ಕೆ ಏರಿತೆಂದು ಇಟ್ಟುಕೊಂಡರೆ, ಮೊದಲ ಬಗೆಯ ಹಲಗೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, ಎರಡನೆಯ ಬಗೆಯದು ಕಾಲು ಮಿ.ಮೀ.ಗಿಂತ ತುಸು ಹೆಚ್ಚು ಅಗಲವಾಗುತ್ತದೆ. ಒಂದು ಹಲಗೆಯಲ್ಲಿ ಇದು ಕಣ್ಣಿಗೆ ಕಾಣದ ಅಂತರ. ಆದರೆ ಅಂಥ 55 ಹಲಗೆಗಳನ್ನು ಅಕ್ಕಪಕ್ಕ ಕೂಡಿಸಿದ ಮೂರು ಮೀಟರ್ ಅಗಲದ ಡೆಕ್ಕಿನಲ್ಲಿ ಒಟ್ಟು ಹಿಗ್ಗುವಿಕೆ ಒಂದು ಬಗೆಯಲ್ಲಿ ಸುಮಾರು ಮೂರು ಸೆಂ.ಮೀ., ಇನ್ನೊಂದರಲ್ಲಿ ಅದರ ಅರ್ಧ. ಈ ಹಿಗ್ಗುವಿಕೆಗೆ ಎಲ್ಲಿಯಾದರೂ ಜಾಗ ಮಾಡಿಕೊಡಲೇಬೇಕು. ಆ ಜಾಗವೇ ಸಂದಿ.

ಹಳೆಯ ಪದ್ಧತಿಯಲ್ಲಿ ಹಲಗೆಗಳನ್ನು ನೇರವಾಗಿ ಡೆಕ್ಕಿನ ತೊಲೆಗಳ ಮೇಲೆ ಕೂಡಿಸುತ್ತಿದ್ದರು. ಸಂದಿ ಕೆಳಗೆ ಬಿಗಿಯಾಗಿ, ಮೇಲೆ ತುಸು ತೆರೆದುಕೊಂಡಿರುವಂತೆ ಹಲಗೆಯ ಅಂಚನ್ನು ಓರೆಯಾಗಿ ಕೆತ್ತಿ, ಆ ತೆರಪಿನೊಳಗೆ ಹತ್ತಿಯ ಎಳೆಯನ್ನೋ ಡಾಂಬರು ಹಚ್ಚಿದ ನಾರನ್ನೋ ಬಡಿದು ತುಂಬಿ, ಮೇಲೆ ಕಾಯಿಸಿದ ಕೀಲನ್ನು, ಅಂದರೆ ಡಾಂಬರಿನಂಥ ಕರಿ ಅಂಟನ್ನು, ಸುರಿಯುತ್ತಿದ್ದರು. ಬೈಲಹೊಂಗಲ, ಸವದತ್ತಿ ಸೀಮೆಯ ಜನರಿಗೆ ಹತ್ತಿಯೆಂದರೆ ಬಟ್ಟೆ, ಗಾದಿ ಮತ್ತು ದೀಪದ ಬತ್ತಿ. ಅದು ಹಡಗಿನ ನೀರನ್ನೂ ತಡೆಯುತ್ತಿತ್ತೆಂಬುದು ಸೋಜಿಗವೆನಿಸಬಹುದು. ಗುಟ್ಟು ಇಷ್ಟೆ: ಒತ್ತಿ ತುಂಬಿದ ಎಳೆ ತೇವ ತಗುಲಿದಾಗ ಉಬ್ಬುತ್ತದೆ, ಅದೇ ಹೊತ್ತಿಗೆ ಹಲಗೆಗಳೂ ಉಬ್ಬಿ ಅದನ್ನು ಎರಡೂ ಕಡೆಯಿಂದ ಅದುಮುತ್ತವೆ.

ಇದಕ್ಕೆ ಬಳಸುವ ಉಳಿಗೆ ಹರಿತವಿರುವುದಿಲ್ಲ, ಏಕೆಂದರೆ ಅದು ಎಳೆಯನ್ನು ಕತ್ತರಿಸದೆ ಒಳಕ್ಕೆ ದೂಡಬೇಕು. ಕೊಡತಿಯ ತಲೆಯಲ್ಲಿ ಉದ್ದಕ್ಕೆ ಸೀಳುಗಂಡಿ ಕೊರೆದಿರುತ್ತಾರೆ. ಏಟು ಬಿದ್ದಾಗ ಅದು ಗಣಗಣಿಸುತ್ತದೆ, ಎಳೆ ತಕ್ಕಷ್ಟು ಬಿಗಿಯಾಯಿತೆಂಬುದನ್ನು ನುರಿತವರು ಆ ಸದ್ದಿನ ಬದಲಾವಣೆಯಿಂದಲೇ ತಿಳಿಯುತ್ತಾರೆ. ಕಡಿಮೆ ಬಡಿದರೆ ನೀರು ಸೋರುತ್ತದೆ. ಅತಿಯಾಗಿ ಬಡಿದರೆ ಎಳೆ ಕೆಳಗೆ ತೂರಿಹೋಗುತ್ತದೆ, ಇಲ್ಲವೇ ಹಲಗೆಗಳೇ ಪಕ್ಕಕ್ಕೆ ಜರುಗುತ್ತವೆ. ಸರಿಯಾಗಿ ತುಂಬಿದ ಸಂದಿಗಳು ಹಲಗೆಗಳನ್ನು ಒಂದಕ್ಕೊಂದು ಬಿಗಿದು ಇಡೀ ನೌಕೆಗೆ ಗಡಸುತನವನ್ನೂ ಕೊಡುತ್ತಿದ್ದವು. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಇಂಥ ಆಯುಷ್ಯಕ್ಕೆ ಮರದ ಗುಣವೊಂದೇ ಸಾಲದು. ಸಂದಿಗಳನ್ನು ಕಾಲಕಾಲಕ್ಕೆ ಬಿಚ್ಚಿ ಮತ್ತೆ ತುಂಬುವವರೂ ಬೇಕು.

ಈಗಿನ ಪದ್ಧತಿ ಬೇರೆ. ಪ್ಲೈವುಡ್ ಅಥವಾ ಫೈಬರ್‌ಗ್ಲಾಸ್ ತಳದ ಮೇಲೆ ಸಾಮಾನ್ಯವಾಗಿ 6ರಿಂದ 12 ಮಿ.ಮೀ. ದಪ್ಪದ ತೇಗದ ಪಟ್ಟಿಗಳನ್ನು ಎಪಾಕ್ಸಿಯಂಥ ಅಂಟಿನಿಂದ ಕೂಡಿಸಿ, ನಡುವಿನ ಸುಮಾರು 5 ಮಿ.ಮೀ. ಅಗಲದ ಗಾಡಿಯಲ್ಲಿ, ಅಂದರೆ ಉದ್ದನೆಯ ತೋಡಿನಲ್ಲಿ, ಪಾಲಿಸಲ್ಫೈಡ್ ಎಂಬ ಕಪ್ಪು ರಬ್ಬರಿನಂಥ ಪದಾರ್ಥವನ್ನು ತುಂಬುತ್ತಾರೆ. ಗಾಡಿಯನ್ನು ಇನ್ನೂ ಕಿರಿದಾಗಿಸಿದರೆ ನೋಡಲು ಚೆನ್ನ ಎನ್ನುವವರಿದ್ದಾರೆ; ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಅರ್ಧ ಮಿ.ಮೀ. ಚಲನೆಗೆ 5 ಮಿ.ಮೀ. ಅಗಲದ ರಬ್ಬರು ಹತ್ತರಲ್ಲೊಂದು ಪಾಲು ಹಿಗ್ಗಿದರೆ ಸಾಕು. ಗಾಡಿ ಒಂದೇ ಮಿ.ಮೀ. ಇದ್ದರೆ ಅದೇ ರಬ್ಬರು ತನ್ನ ಅಗಲದ ಅರ್ಧದಷ್ಟು ಹಿಗ್ಗಬೇಕಾಗುತ್ತದೆ, ಮತ್ತು ಬೇಗನೆ ಹರಿಯುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಾಡಿಯ ತಳದ ಸಂಗತಿ. ತುಂಬಿದ ರಬ್ಬರು ಎರಡು ಪಕ್ಕಗಳಿಗೆ ಗಟ್ಟಿಯಾಗಿ ಅಂಟಬೇಕು, ತಳಕ್ಕೆ ಮಾತ್ರ ಅಂಟಬಾರದು. ಹೆಚ್ಚು ಕಡೆ ಅಂಟಿದಷ್ಟೂ ಗಟ್ಟಿ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲಿ ನಡೆಯುವುದು ಅದಕ್ಕೆ ತಿರುಗುಮುರುಗು. ತಳವೂ ಹಿಡಿದುಕೊಂಡರೆ ಪಕ್ಕಗಳು ದೂರ ಸರಿದಾಗ ರಬ್ಬರಿಗೆ ಮುಕ್ತವಾಗಿ ಹಿಗ್ಗಲು ಆಗುವುದಿಲ್ಲ, ಎಳೆತವೆಲ್ಲ ಕೆಳಗಿನ ಎರಡು ಮೂಲೆಗಳಿಗೆ ಬಿದ್ದು ಅಲ್ಲಿಂದಲೇ ಹರಿಯಲು ತೊಡಗುತ್ತದೆ. ಆದ್ದರಿಂದ ತುಂಬುವ ಮೊದಲು ಗಾಡಿಯ ತಳಕ್ಕೆ ರಬ್ಬರು ಹಿಡಿಯದಂಥ ಸಣ್ಣ ಟೇಪನ್ನು ಹಾಸುತ್ತಾರೆ. ಪಕ್ಕಗಳಿಗಾದರೆ ಇದರ ವಿರುದ್ಧದ ಆರೈಕೆ: ತೇಗದ ಎಣ್ಣೆಯಂಶ ಅಂಟಿಗೆ ಶತ್ರುವಾದ್ದರಿಂದ ಅವನ್ನು ಅಸಿಟೋನ್‌ನಿಂದ ಒರೆಸಿ, ಪ್ರೈಮರ್ ಹಚ್ಚಿ, ಆಮೇಲೆ ತುಂಬುತ್ತಾರೆ.

ಹಲಗೆ ಹಾಸುವ ವಿನ್ಯಾಸವೂ ಸಂದಿಯ ಹಿತವನ್ನೇ ನೋಡುತ್ತದೆ. ಒಳ್ಳೆಯ ಯಾಟ್‌ಗಳಲ್ಲಿ ಹಲಗೆಗಳು ನೌಕೆಯ ಪಕ್ಕದ ಬಾಗನ್ನು ಅನುಸರಿಸಿ ಬಾಗುತ್ತ ಬಂದು, ಮಧ್ಯದಲ್ಲಿ ಮೂತಿಯಿಂದ ಹಿಂಬದಿಗೆ ಸಾಗುವ ಅಗಲವಾದ ನಡುಹಲಗೆಯನ್ನು ಓರೆಯಾಗಿ ಕೂಡುತ್ತವೆ. ಓರೆಯಾಗಿಯೇ ಕತ್ತರಿಸಿದರೆ ಹಲಗೆಯ ತುದಿ ಸೂಜಿಯಷ್ಟು ಚೂಪಾಗಿ, ಅಲ್ಲಿ ಸ್ಕ್ರೂ ಹಿಡಿಯದೆ, ಸಂದಿ ನಿಲ್ಲದೆ ಸಿಬಿರೇಳುತ್ತದೆ. ಅದಕ್ಕಾಗಿ ತುದಿಯನ್ನು ಮೊಂಡಾಗಿ ಕತ್ತರಿಸಿ, ನಡುಹಲಗೆಯಲ್ಲಿ ಅದಕ್ಕೆ ಸರಿಯಾದ ಕಚ್ಚು ಕೊರೆದು ಕೂಡಿಸುತ್ತಾರೆ.

ಸ್ಕ್ರೂಗಳ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಅವುಗಳ ತಲೆಯನ್ನು ಹಲಗೆಯೊಳಗೆ ಇಳಿಸಿ, ಮೇಲೆ ತೇಗದ್ದೇ ಸಣ್ಣ ಬಿರಡೆಯನ್ನು ಅದರ ಎಳೆ ಹಲಗೆಯ ಎಳೆಗೆ ಹೊಂದುವಂತೆ ತಿರುಗಿಸಿ ಕೂಡಿಸುತ್ತಾರೆ. ತೆಳು ಹಲಗೆಯಲ್ಲಿ ಬಿರಡೆಯೂ ತೆಳುವಾಗಿ, ಡೆಕ್ ಸವೆದಂತೆ ಹಾರಿಹೋಗುತ್ತದೆ, ಸ್ಕ್ರೂವಿನ ರಂಧ್ರ ನೀರಿಗೆ ದಾರಿಯಾಗುತ್ತದೆ. ಈಗ ಸ್ಕ್ರೂ ಬಿಟ್ಟು ಅಂಟನ್ನೇ ನೆಚ್ಚುವುದಕ್ಕೆ ಇದೇ ಕಾರಣ.

ಸವೆತಕ್ಕೆ ಬಿಸಿಲಿಗಿಂತ ಶುಚಿತ್ವದ ಹುಚ್ಚೇ ಹೆಚ್ಚು ಕಾರಣವೆಂದು ಹೇಳಬೇಕಾಗಿದೆ. ಬಿಸಿಲಿಗೆ ತೇಗ ಬೆಳ್ಳಿಬೂದಿ ಬಣ್ಣಕ್ಕೆ ತಿರುಗುವುದು ಮೇಲ್ಪದರದ ಮಾತು, ಅದರಿಂದ ಹಾನಿಯಿಲ್ಲ. ಹೊಂಬಣ್ಣವನ್ನು ಮರಳಿ ತರಲೆಂದು ಮಷಿನ್ನಿನಿಂದ ರಭಸವಾಗಿ ನೀರು ಹಾರಿಸಿದರೆ, ಇಲ್ಲವೇ ಗಟ್ಟಿ ಬ್ರಷ್‌ನಿಂದ ಎಳೆಯ ಗುಂಟ ತಿಕ್ಕಿದರೆ, ಉಂಗುರಗಳ ನಡುವಿನ ಮೆದು ಭಾಗ ಕಿತ್ತುಹೋಗಿ ಹಲಗೆ ಏಣುಏಣಾಗುತ್ತದೆ, ರಬ್ಬರು ಅದಕ್ಕಿಂತ ಮೇಲೆದ್ದು ನಿಲ್ಲುತ್ತದೆ. ಮೆದುವಾದ ಬ್ರಷ್ ಹಿಡಿದು ಎಳೆಗೆ ಅಡ್ಡಲಾಗಿ ಉಪ್ಪುನೀರಿನಿಂದ ತೊಳೆಯುವುದೇ ನಾವಿಕರ ರೂಢಿ.

ಕೆಟ್ಟ ಸಂದಿಯನ್ನು ಹುಡುಕಲು ಉಪಕರಣ ಬೇಕಿಲ್ಲ. ಡೆಕ್ಕಿನ ಮೇಲೆ ನೀರು ಸುರಿದು ಬಿಟ್ಟರೆ ಹಲಗೆಗಳೆಲ್ಲ ಒಣಗಿದ ಮೇಲೂ ರಬ್ಬರು ಅಂಚು ಬಿಟ್ಟ ಕಡೆ ಮಾತ್ರ ತೇವದ ಕರಿ ಪಟ್ಟಿ ಉಳಿದಿರುತ್ತದೆ. ಅಲ್ಲಿಯ ರಬ್ಬರನ್ನು ಕೊರೆದು ತೆಗೆದು, ಗಾಡಿಯ ಪಕ್ಕಗಳನ್ನು ಹೊಸ ಮರ ಕಾಣುವವರೆಗೆ ಕೆರೆದು, ಟೇಪು ಹಾಸಿ ಮತ್ತೆ ತುಂಬುತ್ತಾರೆ; ಗಟ್ಟಿಯಾದ ಮೇಲೆ ಉಬ್ಬಿದ ಭಾಗವನ್ನು ಹಲಗೆಯ ಮಟ್ಟಕ್ಕೆ ಕೊಯ್ದು ಉಜ್ಜುತ್ತಾರೆ. ಹಲಗೆ ಸವೆದು ಗಾಡಿಯೇ ಆಳವಿಲ್ಲದಂತಾಗಿದ್ದರೆ ಮೊದಲು ಅದನ್ನು ಇನ್ನಷ್ಟು ಆಳಕ್ಕೆ ಕೊರೆಯಬೇಕು, ಹಾಗೆ ಕೊರೆಯಲು ದಪ್ಪವೂ ಉಳಿದಿರದಿದ್ದರೆ ಹಲಗೆಗಳನ್ನೆಲ್ಲ ಕಿತ್ತು ಹೊಸ ಡೆಕ್ ಹಾಸುವುದೊಂದೇ ದಾರಿ.